ಹ್ಯೂಮಿಡಿಫೈಯರ್‌ಗೆ ಯಾವ ನೀರು ಹಾಕಬೇಕು?

ಫೆಬ್ರವರಿ ಬಂತೆಂದರೆ ಬೆಂಗಳೂರಿನ ಮಧ್ಯಾಹ್ನ ತುಟಿ ಒಡೆಯುವಷ್ಟು ಒಣಗುತ್ತದೆ. ಗಾಳಿಗೆ ತೇವ ಸೇರಿಸುವ ಹೊಸ ಹ್ಯೂಮಿಡಿಫೈಯರ್ ತಂದವರು ಟ್ಯಾಂಕನ್ನು ನಲ್ಲಿಗೆ ಹಿಡಿದು ತುಂಬಿಸಿ ಸ್ವಿಚ್ ಹಾಕುತ್ತಾರೆ. ಟಿವಿಯ ಮೇಲೆ ಬಿಳಿ ಪುಡಿ ಕೂರತೊಡಗಿದಾಗ ಕಸ ಗುಡಿಸುವವರ ಮೇಲೆ ರೇಗುತ್ತಾರೆ. ಆ ಪುಡಿ ಯಂತ್ರದ ಬಾಯಿಂದಲೇ ಬಂದದ್ದು.

ಮೊದಲು ಅಳೆಯಿರಿ. ಗಾಳಿಯ ಆರ್ದ್ರತೆ (ತೇವ) ಅಳೆಯುವ ಸಣ್ಣ ಹೈಗ್ರೋಮೀಟರನ್ನು ಯಂತ್ರದಿಂದ ದೂರವಿಡಿ. ಆರ್ದ್ರತೆ ಶೇ 40ಕ್ಕಿಂತ ಕೆಳಗಿದ್ದರಷ್ಟೇ ಯಂತ್ರ ಬೇಕು. ಮಳೆಗಾಲದಲ್ಲಿ ಅದು ಅಟ್ಟದ ಮೇಲಿರಲಿ.

ಎಲ್ಲರೂ ಎಡವುವುದು ನೀರಿನಲ್ಲಿ. ತಣ್ಣನೆಯ ಮಂಜು ಉಗುಳುವ ಅಲ್ಟ್ರಾಸಾನಿಕ್ ಯಂತ್ರ ನೀರನ್ನು ಆವಿ ಮಾಡುವುದಿಲ್ಲ, ಕಂಪನದಿಂದ ಹನಿಹನಿಯಾಗಿ ಸಿಡಿಸುತ್ತದೆ. ಹನಿ ಆರಿದರೂ ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಗಾಳಿಯಲ್ಲೇ ತೇಲುತ್ತವೆ. ಅವುಗಳಲ್ಲಿ ಬಹುಪಾಲು ಪಿಎಂ 2.5 ಗಾತ್ರದ, ಅಂದರೆ ಶ್ವಾಸಕೋಶದ ಆಳಕ್ಕಿಳಿಯುವಷ್ಟು ಸಣ್ಣ ಕಣಗಳು. ಪಕ್ಕದಲ್ಲಿ ಏರ್ ಪ್ಯೂರಿಫೈಯರ್ ಇದ್ದರೆ ಅದರ ಅಂಕಿ ಜಿಗಿಯುವುದು ಕಾಣುತ್ತದೆ. ಕೊಳವೆಬಾವಿ, ಟ್ಯಾಂಕರ್‌ಗಳ ಗಡಸು ನೀರಂತೂ ಬೇಡವೇ ಬೇಡ. ಕುದಿಸಿದರೆ ಸಾಲದೇ ಎನ್ನುವವರಿದ್ದಾರೆ. ಸಾಲದು, ಪಾತ್ರೆಯ ತಳಕ್ಕೆ ಒಂದಿಷ್ಟು ಸುಣ್ಣ ಕಟ್ಟಬಹುದು, ಉಳಿದ ಲವಣ ನೀರಿನಲ್ಲೇ ಇರುತ್ತದೆ. ಎಸಿ ಕೊಳವೆಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಕಡಿಮೆ ನಿಜ, ಆದರೆ ಅದು ದೂಳು, ಬೂಸ್ಟು ಹಿಡಿದ ಕಾಯಿಲ್ (ಎಸಿಯೊಳಗಿನ ತಂಪು ಕೊಳವೆಸುರುಳಿ) ತೊಳೆದು ಬಂದ ನೀರು. ಡಿಸ್ಟಿಲ್ಡ್ ವಾಟರ್ ಉತ್ತಮ. ಆರ್‌ಒ ನೀರಾದರೆ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ. ಏಕೆಂದರೆ ರುಚಿಗೆಂದು ಕಚ್ಚಾ ನೀರು ಬೆರೆಸುವ ತಿರುಪು ಹಲವು ಆರ್‌ಒ ಯಂತ್ರಗಳಲ್ಲಿರುತ್ತದೆ, ಅದರಿಂದ ಲವಣ ಮತ್ತೆ ಸೇರುತ್ತದೆ.

ಇನ್ನೂ ಕೊಂಡಿಲ್ಲವೇ? ಒದ್ದೆ ಬತ್ತಿಗೆ ಫ್ಯಾನ್ ಊದುವ ಬಗೆಯದನ್ನೇ ಕೊಳ್ಳಿ, ಲವಣ ಬತ್ತಿಯಲ್ಲೇ ಉಳಿಯುತ್ತದೆ. ಕುರ್ಚಿಯ ಮೇಲೆ ಹಿಂಡಿ ಹರಡಿದ ಟವೆಲ್ ಕೂಡ ಸ್ವಲ್ಪ ಮಟ್ಟಿಗೆ ಇದೇ ಕೆಲಸ ಮಾಡುತ್ತದೆ, ಕಾಸಿಲ್ಲದೆ.

ನೀರಿಗೆ ನೀಲಗಿರಿ ಎಣ್ಣೆ, ಡೆಟಾಲ್, ‘ಟ್ಯಾಂಕ್ ಕ್ಲೀನರ್’ ಯಾವುದನ್ನೂ ಬೆರೆಸಬೇಡಿ. ದಕ್ಷಿಣ ಕೊರಿಯಾದಲ್ಲಿ ಹ್ಯೂಮಿಡಿಫೈಯರ್ ನೀರಿಗೆ ಹಾಕುತ್ತಿದ್ದ ಸೋಂಕುನಿವಾರಕವೇ ಜನರ ಶ್ವಾಸಕೋಶ ಕೆಡಿಸಿ ಪ್ರಾಣ ತೆಗೆದದ್ದು 2011ರಲ್ಲಿ ಬಯಲಾಯಿತು.

ಉಳಿದ ನೀರನ್ನು ದಿನವೂ ಚೆಲ್ಲಿ, ಟ್ಯಾಂಕ್ ಒರೆಸಿ. ಮೂರು ದಿನಕ್ಕೊಮ್ಮೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ ತಳಕ್ಕೆ ಹಾಕಿ, ಅರ್ಧ ಗಂಟೆ ಬಿಟ್ಟು ಹಳೆಯ ಟೂತ್‌ಬ್ರಷ್‌ನಿಂದ ಮೆತ್ತಗೆ ಉಜ್ಜಿ. ನಡುವಿನ ಕಂಪಿಸುವ ಪುಟ್ಟ ಬಿಲ್ಲೆಯನ್ನು ಚಾಕುವಿನಿಂದ ಕೆರೆಯಬೇಡಿ. ವಾಸನೆ ಹೋಗುವವರೆಗೆ ಜಾಲಿಸಿ. ಬೆರಳಿಗೆ ಲೋಳೆ ತಾಗಿದರೆ ಅಂದು ಯಂತ್ರ ಹಚ್ಚಲೇಬೇಡಿ.

ಗೋಡೆಯಿಂದ ದೂರ, ಸ್ಟೂಲಿನ ಮೇಲಿಡಿ. ಆರ್ದ್ರತೆ ಶೇ 50 ತಲುಪಿದೊಡನೆ ನಿಲ್ಲಿಸಿ. 60 ದಾಟಿದರೆ ಬೀರುವಿನ ಹಿಂದಿನ ಗೋಡೆಗೆ ಬೂಸ್ಟು ಹಿಡಿಯುತ್ತದೆ, ಹಾಸಿಗೆಯಲ್ಲಿ ದೂಳಿನ ನುಸಿ ಹೆಚ್ಚುತ್ತದೆ. ಉಬ್ಬಸ ಇರುವವರಿಗೆ ಒಣಗಾಳಿಗಿಂತ ಅದೇ ಹೆಚ್ಚು ಕಾಟ.