ತೊಂಬತ್ತು ದಿನವೆಂದರೆ ಮೂರು ತಿಂಗಳಲ್ಲ

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು, ಯಾವ ದೇಶದ ನಿವಾಸ ಪರವಾನಗಿಯೂ ಇಲ್ಲದೆ, ಒಂದೇ ಸುತ್ತಿನಲ್ಲಿ ಒಂಬತ್ತು ತಿಂಗಳು ಹೊರಗಿರಲಾಗದು ಎಂದು ಏಜೆಂಟರಿಂದ ಹಿಡಿದು ನನ್ನ ಭಾವಮೈದುನನವರೆಗೆ ಎಲ್ಲರೂ ಹೇಳಿದ್ದರು. 2025ರ ಜನವರಿ 10ರಂದು ಲಿಸ್ಬನ್‌ನಲ್ಲಿ ಇಳಿದ ನಾನೂ ನನ್ನ ಪತ್ನಿಯೂ, ಎಲ್ಲಿಯೂ ಅನುಮತಿಯ ಅವಧಿಯನ್ನು ಒಂದು ದಿನವೂ ಮೀರದೆ, ಅಕ್ಟೋಬರ್ 6ರ ಬೆಳಗ್ಗೆ ಬೆಂಗಳೂರಿಗೆ ಮರಳಿದೆವು.

ಷೆಂಗೆನ್, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ, ವೀಸಾ ಅರ್ಜಿಯ ಕ್ರಮ ಎಲ್ಲರಿಗೂ ಗೊತ್ತಿರುವುದರಿಂದ ಎಡವಿದ್ದನ್ನಷ್ಟೇ ಹೇಳುತ್ತೇನೆ. 2022ರ ನಮ್ಮ ಮೊದಲ ಅರ್ಜಿ ತಿರಸ್ಕೃತವಾಯಿತು. ಸೈಟು ಮಾರಿದ ಹಣವನ್ನು ಹತ್ತು ದಿನ ಮೊದಲು ಖಾತೆಗೆ ತುಂಬಿದ್ದೇ ತಪ್ಪಾಯಿತೆಂಬುದು ನನ್ನ ಅನುಮಾನ. ತಲಾ 80 ಯೂರೋ ಶುಲ್ಕ, ಮೇಲಿನ ಸೇವಾಶುಲ್ಕ ಸೇರಿ ಹದಿನೇಳು ಸಾವಿರ ರೂಪಾಯಿ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಅನಂತರ 2023ರಲ್ಲಿ ಒಂದು, 2024ರ ಆರಂಭದಲ್ಲಿ ಇನ್ನೊಂದು ಚಿಕ್ಕ ವೀಸಾ ಸಿಕ್ಕವು. ಮೂರು ವರ್ಷದೊಳಗೆ ಎರಡು ವೀಸಾಗಳನ್ನು ಪಡೆದು ನಿಯಮದಂತೆ ಬಳಸಿದ ಭಾರತೀಯರಿಗೆ ಎರಡು ವರ್ಷದ ಬಹುಪ್ರವೇಶ ವೀಸಾ ನೀಡಬಹುದೆಂಬ ನಿಯಮ 2024ರ ಏಪ್ರಿಲ್‌ನಲ್ಲಿ ಬಂದದ್ದೇ ತಡ, ನಾವು ಅದನ್ನೇ ಹಿಡಿದೆವು. ಆ ಅರ್ಜಿಯೊಡನೆ ಇಟ್ಟ ಒಂದು ಪುಟದ ಪತ್ರದಲ್ಲಿ ಏನು ಬರೆದೆನೆಂಬುದು ಮಾತ್ರ ನನ್ನಲ್ಲೇ ಇರಲಿ.

ವೀಸಾ ಎರಡು ವರ್ಷದ್ದಾದರೂ ಯಾವುದೇ 180 ದಿನಗಳಲ್ಲಿ (ಆಯಾ ದಿನದಿಂದ ಹಿಂದಕ್ಕೆ ಎಣಿಸಿ) 90 ದಿನವಷ್ಟೇ ಇರಬಹುದು. ಬಂದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ನಾನು ಮೂರು ತಿಂಗಳೆಂದುಕೊಂಡು ಏಪ್ರಿಲ್ 10ಕ್ಕೆ ಟಿಕೆಟ್ ತೆಗೆದಿದ್ದೆ. ಪತ್ನಿ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿದಾಗ ಅದು 91ನೆಯ ದಿನವಾಗಿತ್ತು. ಟಿಕೆಟ್ ಬದಲಿಸಲು ಇಪ್ಪತ್ತೆರಡು ಸಾವಿರ ತೆತ್ತು, 9ರ ರಾತ್ರಿ ಹನ್ನೆರಡಕ್ಕೆ ಮೊದಲೇ ಅಥೆನ್ಸ್‌ನಲ್ಲಿ ನಿರ್ಗಮನದ ಮುದ್ರೆ ಹಾಕಿಸಿಕೊಂಡೆವು.

ಚಾಲ್ತಿಯಲ್ಲಿರುವ ಷೆಂಗೆನ್ ವೀಸಾ ಇದ್ದವರಿಗೆ ಜಾರ್ಜಿಯಾ ಬೇರೆ ವೀಸಾ ಕೇಳದೆ 90 ದಿನ ಬಿಡುತ್ತದೆ. ಹಾಗಾಗಿ ಅಲ್ಲಿಗೇ ಹೋದೆವು. ರಾಜಧಾನಿ ಟಿಬಿಲಿಸಿಯಲ್ಲಿ ತಿಂಗಳಿಗೆ ಸುಮಾರು ನಲವತ್ತು ಸಾವಿರ ರೂಪಾಯಿ ಬಾಡಿಗೆ; ಲಿಸ್ಬನ್‌ನಲ್ಲಿ ಅದರ ಎರಡೂವರೆ ಪಟ್ಟು ಕೊಟ್ಟಿದ್ದೆವು. ಮತ್ತೆ ಪೂರ್ತಿ 90 ದಿನ ದಕ್ಕಬೇಕಾದರೆ ಜುಲೈ 9ರವರೆಗೆ ಕಾಯಬೇಕಿತ್ತು, ಅಂದರೆ ಜಾರ್ಜಿಯಾದ ಮಿತಿಯ ಅಂಚಿನವರೆಗೆ. ಅಷ್ಟು ಬಿಗಿಯಾಗಿ ನಡೆಯುವ ಧೈರ್ಯ ಸಾಲದೆ ಕೊನೆಯ ಒಂಬತ್ತು ದಿನಗಳನ್ನು ಸೈಪ್ರಸ್‌ನಲ್ಲಿ ಕಳೆದೆವು. ಅದು ಐರೋಪ್ಯ ಒಕ್ಕೂಟದಲ್ಲಿದ್ದರೂ ಷೆಂಗೆನ್‌ನಲ್ಲಿಲ್ಲ, ನಮ್ಮ ವೀಸಾವನ್ನು ಒಪ್ಪುತ್ತದೆ, ಅಲ್ಲಿಯ ದಿನಗಳು 90ರಲ್ಲಿ ಸೇರುವುದೂ ಇಲ್ಲ. ವಿಮಾನ ಕಂಪನಿಯೊಂದರ ಕೌಂಟರಿನಲ್ಲಿ ಇದನ್ನು ಅರ್ಥ ಮಾಡಿಸಲು ಅರ್ಧ ಗಂಟೆ ಹಿಡಿಯಿತು. ಜುಲೈ 9ರಂದು ಮತ್ತೆ ಷೆಂಗೆನ್ ಒಳಗೆ ಕಾಲಿಟ್ಟು, ಉಳಿದ ದಿನಗಳನ್ನು ಅಲ್ಲೇ ಕಳೆದೆವು.

ಇಬ್ಬರಿಗೂ ಸೇರಿ ಒಟ್ಟು ಖರ್ಚು ಹತ್ತೊಂಬತ್ತು ಲಕ್ಷದ ಆಸುಪಾಸು. ನಾವು ಮರಳಿದ ವಾರದಲ್ಲೇ, ಅಕ್ಟೋಬರ್ 12ರಿಂದ, ಷೆಂಗೆನ್ ಗಡಿಗಳಲ್ಲಿ ಮುದ್ರೆಯ ಬದಲು ಮುಖಚಿತ್ರ, ಬೆರಳಚ್ಚು ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಆರಂಭವಾಯಿತು. ಜುಲೈ 9 ನಮ್ಮ 180 ದಿನಗಳ ಲೆಕ್ಕದಿಂದ ಜಾರುವುದು 2026ರ ಜನವರಿ 5ಕ್ಕೆ. ಮುಂದಿನ ಪ್ರಯಾಣದ ಟಿಕೆಟನ್ನು 7ಕ್ಕೆ ತೆಗೆದಿದ್ದೆವು.