ರಾಜನೂ ಮೊಟ್ಟೆ ಇಟ್ಟ

ನಮ್ಮ ತೋಟದ ಹೆಬ್ಬಾತುಗಳಿಗೆ ಹೆಸರಿಟ್ಟವಳು ಮಗಳು. ದೊಡ್ಡದು ರಾಜ, ಸಣ್ಣದು ರಾಣಿ. ಮಾರಿದವನು ಹೇಳಿದ್ದೂ ಅದನ್ನೇ. "ಜೋಡಿ ಅಕ್ಕಾ, ಒಂದು ಗಂಡು ಒಂದು ಹೆಣ್ಣು. ಎಂಬ್ಡೆನ್, ಫಾರಿನ್ ಜಾತಿ." ಬಿಳಿ ಮೈ, ಕಿತ್ತಳೆ ಕೊಕ್ಕು. ನೋಡಲು ಚೆಂದ ಇದ್ದವು, ನಂಬಿಬಿಟ್ಟೆ. ಕೇಳಿದಷ್ಟು ದುಡ್ಡನ್ನೂ ಕೊಟ್ಟೆ.

ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮಧ್ಯೆ ಒಂಟಿ ಮನೆ ನಮ್ಮದು. ನಾಯಿ ಮಲಗಿದ್ದರೂ ಹೆಬ್ಬಾತು ಎದ್ದಿರುತ್ತದೆ, ಗೇಟಿನ ಹತ್ತಿರ ಯಾರು ಸುಳಿದರೂ ಊರಿಗೇ ಗೊತ್ತಾಗುತ್ತದೆ. ಅದಕ್ಕೇ ತಂದದ್ದು. ಮರಿಯ ಆಸೆ ಹುಟ್ಟಿದ್ದು ಆಮೇಲೆ.

ಮೊದಲ ಚಳಿಗಾಲದಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಮೊಟ್ಟೆ ಕಾಣಿಸಿಕೊಂಡಿತು. ಒಂಬತ್ತು ದಿನಕ್ಕೆ ಒಂಬತ್ತು ಮೊಟ್ಟೆ! ನಮ್ಮ ರಾಣಿ ಎಂಥ ಜಾಣೆ ಅಂತ ಮನೆಯಲ್ಲೆಲ್ಲ ಹೊಗಳಿಕೆ. ಕಾವಿಗೂ ಕೂತಿತು. 28ರಿಂದ 32 ದಿನದೊಳಗೆ ಮರಿ ಹೊರಬರಬೇಕು. 35 ದಾಟಿತು. 38ನೇ ದಿನ ಒಂದು ಮೊಟ್ಟೆ ಪಟ್ ಅಂತ ಒಡೆದು ಕೊಟ್ಟಿಗೆಗೆ ಕಾಲಿಡದ ಹಾಗಾಯಿತು. ಉಳಿದ ಎಂಟೂ ಗೊಡ್ಡು.

ನಾನು ಎಡವಿದ್ದು ಲೆಕ್ಕದಲ್ಲಿ. ಹೆಬ್ಬಾತು ಕೋಳಿಯಂತೆ ದಿನಾ ಇಡುವುದಿಲ್ಲ, ಹೆಚ್ಚುಕಡಿಮೆ ದಿನ ಬಿಟ್ಟು ದಿನ ಇಡುತ್ತದೆ. ಒಂಬತ್ತು ದಿನಕ್ಕೆ ಒಂಬತ್ತು ಅಂದರೆ ಇಡುವವರು ಇಬ್ಬರು! ರಾಜನೂ ಮೊಟ್ಟೆ ಇಟ್ಟಿದ್ದ. ಕೆರೆಯಲ್ಲಿ ರಾಜ ರಾಣಿಯ ಬೆನ್ನೇರಿದ್ದನ್ನು ನಾನು ಕಣ್ಣಾರೆ ನೋಡಿದ್ದೆ, ಹಾಗಾದರೆ ಅದು ಹೇಗೆ ಅಂತ ನೀವು ಕೇಳಬಹುದು. ಗಂಡು ಸಿಗದಿದ್ದರೆ ಎರಡು ಹೆಣ್ಣುಗಳೇ ಜೋಡಿಯಾಗುತ್ತವೆ, ಒಂದು ಗಂಡಿನ ಪಾತ್ರ ವಹಿಸಿಕೊಳ್ಳುತ್ತದೆ. ಅದನ್ನು ನೋಡಿ ತೀರ್ಮಾನಕ್ಕೆ ಬರಬಾರದು.

ಅನುಮಾನ ಒಮ್ಮೆ ಹೊಕ್ಕರೆ ಸುಮ್ನೆ ಕೂರಲು ಆಗುತ್ತದೆಯೇ? ಜಾತಿಯನ್ನೂ ನೋಡೋಣ ಅಂತ ರಾಣಿಯನ್ನು ಹಿಡಿದು ತೊಡೆ ಮೇಲೆ ಕೂರಿಸಿಕೊಂಡೆ. ಕೊಕ್ಕಿನ ಬುಡದಲ್ಲಿ, ಹಣೆ ಮೇಲೆ ಒಂದು ಬುಗುಟು. ಎಂಬ್ಡೆನ್‌ಗೆ ಅದು ಇರುವುದೇ ಇಲ್ಲ. ಸಾಕು ಹೆಬ್ಬಾತುಗಳಲ್ಲಿ ಎರಡು ಮೂಲ. ಎಂಬ್ಡೆನ್, ಟೂಲೂಸ್ ಮುಂತಾದ ಯುರೋಪಿನ ತಳಿಗಳು ಬೂದು ಹೆಬ್ಬಾತಿನಿಂದ ಬಂದವು. ಚೈನೀಸ್, ಆಫ್ರಿಕನ್ ತಳಿಗಳು ಏಷ್ಯಾದ ಹಂಸ ಹೆಬ್ಬಾತಿನಿಂದ ಬಂದವು. ಹೆಸರು ಆಫ್ರಿಕನ್, ಮೂಲ ಏಷ್ಯಾ, ತಮಾಷೆ ಅಲ್ವಾ? ಬುಗುಟು ಇರುವುದು ಈ ಎರಡನೇ ಬಳಗಕ್ಕೆ.

ನನಗೆ ಅದಕ್ಕಿಂತ ಇಷ್ಟವಾದ ಗುರುತು ಕುತ್ತಿಗೆಯದು. ಯುರೋಪಿನ ತಳಿಗಳ ಕುತ್ತಿಗೆ ಗರಿಗಳಲ್ಲಿ ಉದ್ದುದ್ದ ಸಾಲು ಇರುತ್ತದೆ, ನೇಗಿಲು ಹೊಡೆದ ಗದ್ದೆಯ ಹಾಗೆ. ಚೈನೀಸ್ ಕುತ್ತಿಗೆ ನುಣುಪು, ಬೆರಳಾಡಿಸಿದರೆ ಎಲ್ಲೂ ತಡೆಯುವುದಿಲ್ಲ. ರಾಣಿಯದು ರೇಷ್ಮೆಯಂತಿತ್ತು. ಗದ್ದದ ಕೆಳಗೆ ಜೋಲು ಚರ್ಮ ಇಲ್ಲ, ಹಾಗಾಗಿ ಆಫ್ರಿಕನ್ ಕೂಡ ಅಲ್ಲ. ತೂಕ ನಾಲ್ಕು ಕಿಲೋ ಚಿಲ್ಲರೆ. ಎಂಬ್ಡೆನ್ ಗಂಡು ಹತ್ತು ಕಿಲೋ ದಾಟುತ್ತದೆ. ಇದು ಬಿಳಿ ಚೈನೀಸ್. ಎರಡು ಬಳಗದ ಬೆರಕೆ ಮರಿಗಳಾದರೆ ಬುಗುಟು ಚಿಕ್ಕದು, ಕುತ್ತಿಗೆಯಲ್ಲಿ ಅರೆಬರೆ ಸಾಲು. ಅವನ್ನು ಯಾವ ಹೆಸರಲ್ಲಿ ಮಾರಿದರೂ ಬೆರಕೆಯೇ.

ಪಕ್ಕದ ಮನೆಯವರು ಮಾತ್ರ ಇವು ಗದಗ ಕಡೆಯ ಮಾಗಡಿ ಕೆರೆಗೆ ಬರುವ ಹಕ್ಕಿಗಳೇ ಅಂತ ಹಟ ಹಿಡಿದರು. ಅಲ್ಲಿಗೆ ಚಳಿಗಾಲದಲ್ಲಿ ಬರುವುದು ತಲೆ ಮೇಲೆ ಎರಡು ಕಪ್ಪು ಪಟ್ಟಿ ಇರುವ ಕಾಡು ಹೆಬ್ಬಾತು. ಸಾಕುವ ಹಕ್ಕಿಯಲ್ಲ.

ಈಗ ಗಂಡು ಬೇಕಿತ್ತು. ಬೇರೊಬ್ಬರ ಹತ್ತಿರ ಐದು ತಿಂಗಳ ನಾಲ್ಕು ಚೈನೀಸ್ ಮರಿ ತಂದು ಕಾಲಿಗೆ ಬಣ್ಣದ ಬಳೆ ಹಾಕಿದೆ. ಆಳು ಹೇಳಿದ, ಬಾಲದ ಗರಿ ಸುರುಳಿ ಸುತ್ತಿದ್ದರೆ ಗಂಡು ಅಂತ. ಅದು ಬಾತುಕೋಳಿಯ ಗುರುತು, ಹೆಬ್ಬಾತಿಗೆ ಸುರುಳಿ ಬರುವುದೇ ಇಲ್ಲ. ಬುಗುಟು ಗಂಡಿಗೆ ದೊಡ್ಡದು ಅನ್ನುವುದು ನಿಜ, ಆದರೆ ಒಂದೇ ವಯಸ್ಸಿನವನ್ನು ಪಕ್ಕಪಕ್ಕ ನಿಲ್ಲಿಸಿದಾಗ ಮಾತ್ರ. ವಯಸ್ಸಾದ ರಾಜನ ಬುಗುಟು ಈ ಎಲ್ಲ ಮರಿಗಳದ್ದಕ್ಕಿಂತ ದೊಡ್ಡದಿತ್ತು. ನಾನು ಮೋಸ ಹೋದದ್ದೇ ಅದರಿಂದ.

ಕೊನೆಗೆ ಕೈ ಹಿಡಿದದ್ದು ಕಿವಿ. ಗುಂಪಿನಲ್ಲಿ ಎಲ್ಲವೂ ಒಟ್ಟಿಗೆ ಕಿರುಚುವಾಗ ಏನೂ ತಿಳಿಯುವುದಿಲ್ಲ. ಸಂಜೆ ಹೊತ್ತು ಒಂದೊಂದನ್ನೇ ಎತ್ತಿಕೊಂಡು ಹೋಗಿ ಬಾವಿಕಟ್ಟೆಯ ಆಚೆ ಬಿಟ್ಟೆ. ಒಂಟಿಯಾದ ಕೂಡಲೇ ಗುಂಪನ್ನು ಕರೆಯುತ್ತದೆ. ಕೆಂಪು ಬಳೆಯದು ತೆಳು ದನಿ, ತುಕ್ಕು ಹಿಡಿದ ರಾಟೆಯಂತೆ ಕೀಂ ಕೀಂ. ನೀಲಿ, ಹಸಿರು ಎರಡೂ ದಪ್ಪ ಗಂಟಲಿನ ಹಾಂಕ್ ಹಾಂಕ್. ದಪ್ಪ ದನಿ ಹೆಣ್ಣಿನದು, ಕೀರಲು ದನಿ ಗಂಡಿನದು. ನಾವಂದುಕೊಂಡದ್ದಕ್ಕೆ ಪೂರ್ತಿ ಉಲ್ಟಾ! ಹಳದಿ ಬಳೆಯದು ಎರಡರ ಮಧ್ಯೆ ಎಲ್ಲೋ ಇತ್ತು.

ಅದಕ್ಕಾಗಿ ಹಿಂಬದಿ ಪರೀಕ್ಷೆ ಮಾಡಲೇಬೇಕಾಯಿತು. ಗೊತ್ತಿದ್ದವರೊಬ್ಬರು ಪಕ್ಕದಲ್ಲಿ ನಿಂತು ತೋರಿಸಿದರು. ಹಕ್ಕಿಯನ್ನು ಅಂಗಾತ ತೊಡೆ ಮೇಲೆ ಮಲಗಿಸಿ, ಬಾಲವನ್ನು ಬೆನ್ನ ಕಡೆ ಬಾಗಿಸಿ, ಎಣ್ಣೆ ಸವರಿದ ಬೆರಳಿಂದ ರಂಧ್ರದ ಅಂಚನ್ನು ನಿಧಾನ ಬಿಡಿಸಬೇಕು. ಗಂಡಾದರೆ ಸುರುಳಿ ತಿರುಪಿನಂಥ ಅಂಗ ಎದ್ದು ಬರುತ್ತದೆ. ಹೆಣ್ಣಾದರೆ ಬರೀ ಗುಲಾಬಿ ಮಡಿಕೆ. ಕಂಡರೆ ಗಂಡು, ಅನುಮಾನವೇ ಇಲ್ಲ. ಕಾಣದಿದ್ದರೆ ಹೆಣ್ಣು ಅಂತ ಬರೆದುಕೊಳ್ಳಬೇಡಿ, ನಿಮ್ಮ ಬೆರಳು ಸರಿಯಾಗಿ ಬಿಡಿಸಿಲ್ಲದಿರಬಹುದು. ಜೋರು ಮಾಡಿದರೆ ಹಕ್ಕಿಗೆ ಗಾಯ. ಮರಿ ಹುಟ್ಟಿದ ಒಂದೆರಡು ದಿನದಲ್ಲೇ ನೋಡುವುದು ಸುಲಭ, ಆದರೆ ಕಲಿತ ಕೈ ಬೇಕು. ಹಳದಿ ಬಳೆ ಗಂಡು. ನನ್ನ ಅಂಗಿಯ ಮೇಲೆ ಅದು ಬಿಟ್ಟ ಕಲೆ ಇನ್ನೂ ಹೋಗಿಲ್ಲ.

ಮುಂದಿನ ಚಳಿಗಾಲ, ಕಾವಿಗೆ ಕೂತ ಎಂಟನೇ ದಿನ ರಾತ್ರಿ ಮೊಟ್ಟೆಗಳನ್ನು ಟಾರ್ಚಿಗೆ ಹಿಡಿದೆ. ಆರರಲ್ಲಿ ನಾಲ್ಕರೊಳಗೆ ಜೇಡದ ಕಾಲಿನಂಥ ಕೆಂಪು ನರ ಹರಡಿತ್ತು, ಅಂದರೆ ಒಳಗೆ ಮರಿ ಬೆಳೆಯುತ್ತಿತ್ತು. ಮಗಳನ್ನು ಎಬ್ಬಿಸಿ ತೋರಿಸಿದೆ. ಹೆಸರು ಬದಲಾಯಿಸೋಣವೇ ಅಂದರೆ ಅವಳು ಬಿಲ್‌ಕುಲ್ ಒಪ್ಪಲಿಲ್ಲ. ಹಾಗಾಗಿ ರಾಜ ರಾಜನಾಗಿಯೇ ಕಾವಿಗೆ ಕೂತಿದೆ, ಹತ್ತಿರ ಹೋದರೆ ಕಚ್ಚುತ್ತದೆ.