ಹಾಸನದಲ್ಲಿ ಕಾರ್ ಓಡ್ಸೋದು ಕಮ್ಮಿ ಮಾಡಿದ್ದು, ನನ್ನ ಅನುಭವ

ಸೈಕಲ್ ತಗೋಬೇಕು ಅಂತ ತುಂಬಾ ದಿನದಿಂದ ಆಸೆ ಇತ್ತು, ಆದ್ರೆ ಅದಕ್ಕೂ ಮುಂಚೆ ಒಂದು ತಿಂಗಳು ಕಾರಲ್ಲೇ ನೋಟ್‌ಬುಕ್ ಇಟ್ಕೊಂಡು ಎಲ್ಲಿಗೆ ಹೋದೆ, ಎಷ್ಟು ಕಿಲೋಮೀಟರ್ ಆಯ್ತು ಅಂತ ಬರ್ದೆ. ಅದೇ ನಾನು ಮಾಡಿದ ಒಳ್ಳೇ ಕೆಲಸ.

ಮನೆ ವಿದ್ಯಾನಗರ, ಕೆಲಸ ಬಿ.ಎಂ. ರೋಡ್ ಕಡೆ, ಹೋಗಿ ಬಂದ್ರೆ 8 ಕಿಲೋಮೀಟರ್. ತಿಂಗಳಿಗೆ 25 ದಿನ ಅಂದ್ರೆ 200. ಇಂಜಿನ್ ಬಿಸಿ ಆಗೋಷ್ಟ್ರಲ್ಲಿ ಆಫೀಸ್ ಬಂದಿರತ್ತೆ, ಅದಕ್ಕೇ ಊರೊಳಗೆ ಮೈಲೇಜ್ 11 ದಾಟ್ತಿರ್ಲಿಲ್ಲ, ಹತ್ತಿರ ಹತ್ತಿರ 18 ಲೀಟರ್ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಬರತ್ತೆ, ಅಲ್ಲಿಗೆ 41 ಕೆಜಿ. ಇದೇ ದೊಡ್ಡದು ಅನ್ಕೊಂಡಿದ್ದೆ. ಆದ್ರೆ ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಒಬ್ನೇ ಕಾರಲ್ಲಿ ಹೋಗ್ತಿದ್ನಲ್ಲ, ಅದು ಒಟ್ಟು 740 ಕಿಲೋಮೀಟರ್, ಹೈವೇಲಿ 17 ಮೈಲೇಜ್ ಸಿಕ್ರೂ 43 ಲೀಟರ್ ಮೇಲೆ, 100 ಕೆಜಿ! ದಿನಾ ಓಡಾಡೋದು ಕಣ್ಣಿಗೆ ಕಾಣತ್ತೆ, ಅಪರೂಪಕ್ಕೆ ಹೋಗೋದು ಕಾಣಲ್ಲ.

ಹಾಗಾಗಿ ಮೊದ್ಲು ಬಿಟ್ಟಿದ್ದು ಬೆಂಗಳೂರಿಗೆ ಕಾರ್. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ನೇರ ರೈಲು ಶುರುವಾದ್ಮೇಲೆ ಅರಸೀಕೆರೆ ಸುತ್ತಿ ಹೋಗೋ ತಾಪತ್ರಯ ಇಲ್ಲ. ಟೈಮ್ ಹೊಂದ್ಲಿಲ್ಲ ಅಂದ್ರೆ ಕೆಎಸ್‌ಆರ್‌ಟಿಸಿ. ನಾನು ಹತ್ತಿದ್ರೂ ಬಿಟ್ರೂ ಆ ರೈಲು, ಆ ಬಸ್ಸು ಹೋಗೇ ಹೋಗತ್ತೆ, ನನ್ನೊಬ್ಬನ ಭಾರಕ್ಕೆ ಜಾಸ್ತಿ ಉರಿಯೋದು ತೀರಾ ಕಮ್ಮಿ. ಕಷ್ಟ ಆಗಿದ್ದು ಬೆಂಗಳೂರಲ್ಲಿ ಇಳಿದ್ಮೇಲೆ, ಹೊತ್ತುಗೊತ್ತಿಲ್ದೆ ಆಟೋ ಹುಡುಕೋದು. ಈಗ ಸ್ಟೇಷನ್‌ನಿಂದ ಮೆಟ್ರೋ ಇರೋ ಕಡೆಗೇ ಕೆಲಸ ಇಟ್ಕೊಳ್ತೀನಿ, ಎರಡು ಸಲದ ಕೆಲಸ ಒಂದೇ ಸಲ ಮುಗಿಸೋಕೆ ನೋಡ್ತೀನಿ.

ಆಮೇಲೆ ಸೈಕಲ್. ಗೇರ್ ಇಲ್ದಿರೋ ಮಾಮೂಲಿ ಸೈಕಲ್ಲೇ ಸಾಕು ನಮ್ಮೂರಿಗೆ. ಆಷಾಢದ ಸೋನೆ ಮಳೆಗೆ ಉದ್ದ ರೈನ್‌ಕೋಟ್ ಬೇಡ, ಚೈನಿಗೆ ಸಿಕ್ಕಾಕೊಳ್ಳತ್ತೆ, ಪ್ಯಾಂಟೂ ಜಾಕೆಟ್ಟೂ ಬೇರೆ ಬೇರೆ ಇರೋದು ತಗೊಳ್ಳಿ, ಮಡ್‌ಗಾರ್ಡ್ ಇಲ್ದೆ ಮಾತ್ರ ಹೊರಡ್ಬೇಡಿ. ಚಳಿಗಾಲದ ಬೆಳಿಗ್ಗೆ ಮಂಜು ಇರತ್ತೆ, ಹಿಂದೆ ಕೆಂಪು ಲೈಟ್ ಇರ್ಲೇಬೇಕು, ಬಿ.ಎಂ. ರೋಡಲ್ಲಿ ಲಾರಿಯವ್ರಿಗೆ ನಾವು ಕಾಣೋದೇ ಕಷ್ಟ. ಜೋರು ಮಳೆ ದಿನ ಸಿಟಿ ಬಸ್ಸು.

ಅಮ್ಮನಿಗೆ ಬೇಲೂರಿಗೆ ಹೋಗ್ಬೇಕು ಅಂದ್ರೆ ಮೊದ್ಲು ನಾನೇ ಬಿಡ್ಬೇಕಿತ್ತು. 2023ರ ಜೂನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ಆಧಾರ್ ಕಾರ್ಡ್ ಹಿಡ್ಕೊಂಡು ಅವ್ರೇ ಬಸ್ ಹತ್ತಿ ಹೋಗ್ತಾರೆ, ನನ್ನ ಕಾಯೋದೇ ಇಲ್ಲ.

ಕಾರ್ ಮಾರಿಲ್ಲ. ಅಪ್ಪನಿಗೆ ಮಂಡಿನೋವು, ಬಸ್ ಮೆಟ್ಲು ಹತ್ತೋಕಾಗಲ್ಲ, ಅವ್ರಿಗೆ ಬೇಕೇ ಬೇಕು. ಟೈರ್ ಗಾಳಿ ಹದಿನೈದು ದಿನಕ್ಕೊಮ್ಮೆ ಚೆಕ್ ಮಾಡಿಸ್ತೀನಿ, ಗಾಳಿ ಕಮ್ಮಿ ಇದ್ರೆ ಪೆಟ್ರೋಲ್ ಸುಮ್ನೆ ಹೋಗತ್ತೆ. ಹೋದ ತಿಂಗಳು ನೋಟ್‌ಬುಕ್ಕಲ್ಲಿ ಬರ್ದಿದ್ದು ಒಟ್ಟು 130 ಕಿಲೋಮೀಟರ್, ಅದ್ರಲ್ಲಿ 80 ಅಪ್ಪನ್ನ ಸಕಲೇಶಪುರಕ್ಕೆ ಕರ್ಕೊಂಡು ಹೋಗಿ ಬಂದಿದ್ದು.